ಬೂದಿಯಲ್ಲ, ಬೂಜು: ಸ್ನ್ಯಾಪ್‌ಡ್ರ್ಯಾಗನ್ ಹಾಕಿದವರು ಎಲೆ ಮಗುಚಿ ನೋಡಿ

ಪಾಲಿಹೌಸ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಹೂವು ಬೆಳೆಯುತ್ತಿರುವವರು, ಹಾಕೋಣ ಅಂತ ಸಸಿ ಬುಕ್ ಮಾಡಿದವರು ಇದನ್ನೊಮ್ಮೆ ಓದಿ. ಶಿರಸಿ ಹತ್ತಿರ ನಮ್ಮದು ಐದು ಗುಂಟೆಯ ಪಾಲಿಹೌಸ್. ಹೋದ ಚಳಿಗಾಲದಲ್ಲಿ ಆರು ಸಾವಿರ ಗಿಡ ಇಟ್ಟಿದ್ದೆ. ಹುಬ್ಬಳ್ಳಿ ಬಸ್ಸು ಹತ್ತಿದ ಹೂವು ಒಂದೂವರೆ ಸಾವಿರ ಕಡ್ಡಿಯೂ ಇಲ್ಲ. ಬೂಜು ರೋಗ ಬಂದು ಹಾಳಾದದ್ದು ಸ್ವಲ್ಪ, ನನ್ನ ಉಪಚಾರದಿಂದ ಹಾಳಾದದ್ದೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ನವೆಂಬರ್ ಕೊನೆಗೆ. ಮೂರನೇ ಬೆಡ್‌ನ ಮೂಲೆಯಲ್ಲಿ ಬೆಳಗಿನ ಹೊತ್ತು ಶೀಟಿನಿಂದ ಹನಿ ತೊಟ್ಟಿಕ್ಕುತ್ತದೆ. ಅಲ್ಲಿನ ಹತ್ತಿಪ್ಪತ್ತು ಗಿಡಗಳ ಎಲೆ ಬಿಳಚಿಕೊಂಡವು, ಅಂಚು ಕೆಳಕ್ಕೆ ಮಡಚಿ ಬೋರಲು ಹಾಕಿದ ಚಮಚದ ಹಾಗಾದವು. ಕಬ್ಬಿಣದ ಕೊರತೆ ಅಂದುಕೊಂಡು ಲಘು ಪೋಷಕಾಂಶ ಹೊಡೆದೆ. ಒಂದು ವಾರ ಹೋಯಿತು. ಪಕ್ಕದ ಗಿಡಗಳು ಮೊಣಕಾಲಿನವರೆಗೆ ಬಂದರೂ ಇವು ಗೇಣುದ್ದಕ್ಕೇ ನಿಂತು, ತುದಿಯಲ್ಲಿ ಎಲೆಗಳು ಒತ್ತೊತ್ತಾಗಿ ಗುಂಪು ಕಟ್ಟಿಕೊಂಡವು.

ಆಮೇಲೆ ಫೋಟೋ ತೆಗೆದು ಔಷಧಿ ಅಂಗಡಿಯವರಿಗೆ ಕಳಿಸಿದೆ. ತೆಗೆದದ್ದು ಮಧ್ಯಾಹ್ನ ಹನ್ನೆರಡಕ್ಕೆ, ಅದೂ ಎಲೆಯ ಮೇಲ್ಭಾಗದ್ದು ಮಾತ್ರ. "ಬೂದಿ ರೋಗ ಇದು. ಗಂಧಕ ಹೊಡೀರಿ, ನಾಲ್ಕು ದಿನ ಬಿಟ್ಟು ಹೆಕ್ಸಾಕೊನಜೋಲ್" ಅಂದರು. ಎರಡೂ ಹೊಡೆದೆ. ಕಡಿಮೆಯಾಗಲಿಲ್ಲ ಅಂದಾಗ ಕಾರ್ಬೆಂಡಜಿಮ್ ಕೊಟ್ಟರು, ಅದನ್ನೂ ಹೊಡೆದೆ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ, ನಾನು ತೋರಿಸಿದ್ದನ್ನೇ ಅವರು ನೋಡಿದ್ದು. ಆದರೆ ಮೂರು ಸಲವೂ ಸಂಜೆ ಐದರ ಮೇಲೆ ಎಲೆ ತೊಯ್ಯುವ ಹಾಗೆ ಹೊಡೆದು, ಗಿಡಕ್ಕೆ ಚಳಿಯಾದೀತು ಅಂತ ಪಕ್ಕದ ಪರದೆ ಪೂರ್ತಿ ಇಳಿಸಿ ಮನೆಗೆ ಬಂದವನು ನಾನೇ. ರೋಗಕ್ಕೆ ಹಾಸಿಗೆ ಹಾಸಿ, ಹೊದಿಕೆಯನ್ನೂ ಹೊದೆಸಿದ್ದೆ.

ಕಂಡುಹಿಡಿದದ್ದು ಅಪ್ಪಯ್ಯ. ಒಂದು ದಿನ ಬೆಳಗಿನ ಜಾವ ಮೋಟಾರು ನೋಡಲು ಟಾರ್ಚು ಹಿಡಿದು ಹೋದವರು ಅಲ್ಲಿಂದಲೇ ಕೂಗಿದರು: "ತಮಾ, ಇಲ್ ಬಾ. ಎಲೆ ಅಡಿಗೆ ನೋಡು. ಕೊಳೆ ಬಂದ ಅಡಕೆ ಕಂಡಾಂಗೆ ಕಾಣ್ತು."

ಎಲೆ ಮಗುಚಿದರೆ ಅಡಿಭಾಗದ ತುಂಬ ಇಲಿಯ ಮೈ ತುಪ್ಪಳದ ಹಾಗೆ ಬೂದು ಬಣ್ಣದ, ಸ್ವಲ್ಪ ನೇರಳೆಗೆ ತಿರುಗಿದ ಬೂಜು. ಅದರ ಮೇಲೆ ಸಣ್ಣಸಣ್ಣ ನೀರಹನಿ. ಅದೇ ಎಲೆಯನ್ನು ಬಿಸಿಲು ಏರಿದ ಮೇಲೆ ಹೋಗಿ ನೋಡಿದೆ. ತುಪ್ಪಳ ಒಣಗಿ ಮಸಿ ಒರೆಸಿದಂಥ ಕಲೆ ಅಷ್ಟೇ ಉಳಿದಿತ್ತು. ಮಧ್ಯಾಹ್ನದ ಫೋಟೋದಲ್ಲಿ ಏನು ಕಾಣಬೇಕು?

ಧಾರವಾಡದಲ್ಲಿ ಕೃಷಿ ಓದುತ್ತಿರುವ ಭಾವನ ಮಗಳು ರಜೆಗೆ ಬಂದಿದ್ದಳು. ನಾಲ್ಕು ಎಲೆ ಕೊಟ್ಟು ಕಳಿಸಿದೆ. ಸೂಕ್ಷ್ಮದರ್ಶಕದಲ್ಲಿ ಎಲೆ ಉದುರಿದ ಮರದ ಹಾಗೆ ಕವಲು ಕವಲು, ತುದಿಗೆ ರೋಗ ಹರಡುವ ನಿಂಬೆಕಾಯಿ ಆಕಾರದ ಬೀಜಕಣ ಕಂಡವಂತೆ. ಬೂಜು ತುಪ್ಪಟ ರೋಗ. ಸ್ನ್ಯಾಪ್‌ಡ್ರ್ಯಾಗನ್‌ಗೆ ಇದನ್ನು ತರುವುದು ಪೆರೊನೊಸ್ಪೊರಾ ಆಂಟಿರೈನಿ ಎಂಬ ರೋಗಾಣು. ಬೂದಿಗೂ ಬೂಜಿಗೂ ಒಂದೇ ಅಕ್ಷರದ ವ್ಯತ್ಯಾಸ, ಔಷಧಿ ಮಾತ್ರ ಪೂರ್ತಿ ಬೇರೆ. ಬೂದಿ ರೋಗ ಸಾಮಾನ್ಯವಾಗಿ ಎಲೆಯ ಮೇಲ್ಗಡೆ ಬರುತ್ತದೆ, ಬೆರಳಲ್ಲಿ ಒರೆಸಿದರೆ ಬಿಳಿ ಪುಡಿ ಹತ್ತುತ್ತದೆ, ಅದು ನಿಜವಾದ ಶಿಲೀಂಧ್ರ. ಬೂಜು ರೋಗದ್ದು ಊಮೈಸೀಟ್ ಎಂಬ ಬೇರೆಯೇ ಕುಲ, ನೀರಿನ ಪಾಚಿಗೆ ಹತ್ತಿರದ್ದು. ಕಾರ್ಬೆಂಡಜಿಮ್ ಅದನ್ನು ಮುಟ್ಟುವುದಿಲ್ಲ. ಹೆಕ್ಸಾಕೊನಜೋಲ್ ತಡೆಯುವ ಎರ್ಗೊಸ್ಟೆರಾಲನ್ನು (ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು) ಅದು ತಯಾರಿಸುವುದೇ ಇಲ್ಲ. ಅಂದರೆ ನಾನು ಹದಿನೈದು ದಿನ ಹೊಡೆದದ್ದು ಬರೀ ನೀರು.

ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ನಮ್ಮ ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಕೂಡ ಇದೇ ಕುಲದ್ದು. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ ಮೊದಲು ಹೆಸರು ಮಾಡಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿಯ ಬೂಜು ರೋಗಕ್ಕೆ. ಮೈಲುತುತ್ತ, ಸುಣ್ಣ ಎರಡೂ ನಮ್ಮ ಅಟ್ಟದ ಮೇಲೇ ಇದ್ದವು. ಹಾಗಂತ ಯಾರೂ ಈಗ ಓಡಿಹೋಗಿ ಹೂವಿಗೆ ಬೋರ್ಡೋ ಹೊಡೆಯಬೇಡಿ. ಹೂವಿನ ಮೇಲೆ ನೀಲಿ ಕಲೆ ಕೂರುತ್ತದೆ, ತಂಪು ಹವೆಯಲ್ಲಿ ಎಳೆ ಎಲೆ ಸುಟ್ಟೂ ಹೋದೀತು. ಕಲೆ ಬಿದ್ದ ಕಟ್ಟನ್ನು ಹುಬ್ಬಳ್ಳಿಯಲ್ಲಿ ಯಾರೂ ಕೈಯಲ್ಲಿ ಮುಟ್ಟುವುದಿಲ್ಲ.

ಆಮೇಲೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಸೇರಿದ ಪುಡಿ ಹೊಡೆದೆ. ಚೆನ್ನಾಗಿದ್ದ ಗಿಡಗಳು ಉಳಿದವು. ಗೇಣುದ್ದಕ್ಕೆ ನಿಂತಿದ್ದವು ಕೊನೆಗೂ ಏಳಲಿಲ್ಲ, ರೋಗ ಗಿಡದ ಒಳಗೇ ಹಬ್ಬಿದ್ದರೆ ಯಾವ ಔಷಧಿಯಿಂದಲೂ ಅದು ಹೂವು ಕೊಡುವುದಿಲ್ಲ. ಮೆಟಲಾಕ್ಸಿಲ್ ಒಂದನ್ನೇ ಪದೇ ಪದೇ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ಹಾಗಾಗಿ ನಡುವೆ ಡೈಮೆಥೊಮಾರ್ಫ್‌ನಂಥ ಬೇರೆ ಗುಂಪಿನದ್ದು ಬರಬೇಕು. ಪ್ರಮಾಣಕ್ಕೆ ಪೊಟ್ಟಣದ ಮೇಲಿನದ್ದನ್ನು ನೋಡಿ, ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಕಾದು ಮುಂದುವರಿಯಿರಿ. ಗುರುತು ಹತ್ತದಿದ್ದರೆ ಎಲೆಯನ್ನೇ ಶಿರಸಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ, ಫೋಟೋ ಅಲ್ಲ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ರೋಗದ ಗಿಡಗಳನ್ನು ಕಿತ್ತು, ಬುಟ್ಟಿಯಲ್ಲಿ ತುಂಬಿ, ಒಳ್ಳೆಯ ಬೆಡ್‌ಗಳ ನಡುವೆಯೇ ಹೊತ್ತು ತಂದು ಹಿಂದಿನ ಗೊಬ್ಬರದ ಗುಂಡಿಗೆ ಹಾಕಿದ್ದೆ. ದಾರಿಯುದ್ದಕ್ಕೂ ಬೀಜಕಣ ಉದುರಿಸಿಕೊಂಡು ಬಂದ ಹಾಗಾಯಿತು. ಹೋಗಲಿ ಅಂತ ಜನವರಿಯಲ್ಲಿ ಅದೇ ಬೆಡ್‌ಗೆ ಹೊಸ ಸಸಿ ಇಟ್ಟರೆ ಮೂರು ವಾರಕ್ಕೆ ಅವೂ ಬಿಳಚಿದವು. ಕೊಳೆತ ಎಲೆ, ಬೇರಿನ ಚೂರಿನಲ್ಲಿ ಇದರ ದಪ್ಪ ಗೋಡೆಯ ಬೀಜಕಣ ಮಣ್ಣಲ್ಲೇ ಉಳಿದಿರುತ್ತದೆ. ಗಿಡವನ್ನು ನಿಂತಲ್ಲೇ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಾಯಿ ಕಟ್ಟಿ, ಆಮೇಲೆ ಕೀಳಬೇಕು.

ಈಗ ನೀರು ಡ್ರಿಪ್‌ನಲ್ಲಿ ಮಾತ್ರ, ಅದೂ ಬೆಳಗ್ಗೆ ಹತ್ತರೊಳಗೆ. ಸಂಜೆ ಪರದೆ ಇಳಿಸುವ ಮೊದಲು ಒಳಗಿನ ಬಿಸಿ, ತೇವದ ಗಾಳಿ ಹೊರಗೆ ಹೋಗಲಿ ಅಂತ ಅರ್ಧ ಗಂಟೆ ಪೂರ್ತಿ ತೆರೆದಿಡುತ್ತೇವೆ. ಮೇಲಿನ ಕಿಂಡಿ ರಾತ್ರಿಯೂ ಒಂದು ಗೇಣು ತೆರೆದೇ ಇರುತ್ತದೆ. ನೂರೈವತ್ತು ರೂಪಾಯಿಯ ಆರ್ದ್ರತೆ ಮಾಪಕ ನೇತುಹಾಕಿದ್ದೇನೆ, ಮುಳ್ಳು ಶೇಕಡಾ 85ರ ಕೆಳಗಿದ್ದರೆ ಬೂಜಿಗೆ ಬೀಜಕಣ ಬಿಡುವುದು ಕಷ್ಟ. ಚಳಿ ಅಂತ ಗಾಳಿ ಕಟ್ಟಬೇಡಿ, ಸ್ನ್ಯಾಪ್‌ಡ್ರ್ಯಾಗನ್ ನಮ್ಮೂರ ಡಿಸೆಂಬರ್ ಚಳಿಗೆ ಸಾಯುವ ಗಿಡವಲ್ಲ.

ಸೆಪ್ಟೆಂಬರ್‌ನಲ್ಲಿ ಸಸಿಯ ಪ್ರೋಟ್ರೇ (ಗುಳಿ ತಟ್ಟೆ) ಬಂದಿಳಿದಾಗ ನೇರ ಒಳಗೆ ಒಯ್ಯದೆ ಹತ್ತು ದಿನ ಬೇರೆ ಕಡೆ ಇಡಿ. ಅನುಮಾನ ಬಂದ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಬಿಟ್ಟರೆ, ಬೂಜು ಇದ್ದದ್ದು ಬೆಳಗಾಗುವುದರೊಳಗೆ ತುಪ್ಪಳ ಬಿಟ್ಟುಕೊಂಡು ಕೂತಿರುತ್ತದೆ. ನಮ್ಮ ಮೂರನೇ ಬೆಡ್‌ನಲ್ಲಿ ಈ ವರ್ಷ ಚೆಂಡುಹೂವು.