ಗೋದಾಮಿನ ಹೆಣ, ನೀಲಿ ಉಗುರು: ಓಣಿಯವರು ಬರೆದ ಎರಡು ಸಿಐಡಿ ಕಂತುಗಳು

1998ರಲ್ಲಿ ಸೋನಿ ಟಿವಿಯಲ್ಲಿ ಶುರುವಾದ, ಮುಂಬೈ ಪೊಲೀಸರ ತಂಡವೊಂದು ಕೊಲೆಗಳನ್ನು ಪತ್ತೆ ಹಚ್ಚುವ ಹಿಂದಿ ಧಾರಾವಾಹಿ ಸಿಐಡಿಯನ್ನು ನೋಡುತ್ತಲೇ ದೊಡ್ಡವರಾದವರು ನಾವು. ಈ ಬೇಸಿಗೆಯಲ್ಲಿ ನಮ್ಮ ಪೈಕಿ ಇಬ್ಬರು ಅದಕ್ಕೆ ಒಂದೊಂದು ಹೊಸ ಕಂತು ಬರೆದರು. ಎರಡೂ ಕನ್ನಡದಲ್ಲಿ, ಎರಡೂ ಬಳ್ಳಾರಿ ಜಿಲ್ಲೆಯಲ್ಲೇ ನಡೆಯುವ ಕೇಸು. ಒಂದು ನನ್ನ ಚಿಕ್ಕಪ್ಪನ ಮಗನದ್ದು, ಇನ್ನೊಂದು ಕೌಲ್ ಬಜಾರಿನ ಗೆಳತಿಯದ್ದು.

ಬರೆದವರನ್ನು ಬಿಟ್ಟು ನಾವು ಐದು ಜನ ಎರಡು ರಾತ್ರಿ ಮಾಳಿಗೆ ಮೇಲೆ ಕೂತು, ಪಾತ್ರ ಹಂಚಿಕೊಂಡು ಜೋರಾಗಿ ಓದಿದೆವು. ಜೊತೆಗೆ ಮಂಡಕ್ಕಿ, ಮಿರ್ಚಿ. ಕೊನೆಯ ಐದು ಪುಟ ಉಳಿದಾಗ ಓದು ನಿಲ್ಲಿಸಿ, ಕೊಲೆಗಾರ ಯಾರು ಅಂತ ಎಲ್ಲರೂ ಚೀಟಿಯಲ್ಲಿ ಬರೆದಿಟ್ಟೆವು.

ತಮ್ಮನ ಕಂತು ಸಿರುಗುಪ್ಪದ ಭತ್ತದ ಗೋದಾಮಿನಲ್ಲಿ ಶುರುವಾಗುತ್ತದೆ. ಮೊದಲ ಪುಟಕ್ಕೇ ಹೆಣ. ಮಾತುಗಳಂತೂ ಬಹಳ ಚೆನ್ನಾಗಿವೆ. ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್ ಕೈ ತಿರುಗಿಸುತ್ತಾ ಯೋಚಿಸುವುದು, ಹೆಣ ಪರೀಕ್ಷಿಸುವ ಡಾಕ್ಟರ್ ಸಾಳುಂಖೆ ಜೊತೆ ಅವರ ಕಾಲೆಳೆದಾಟ, ಇನ್‌ಸ್ಪೆಕ್ಟರ್ ಅಭಿಜೀತ್‌ನ ಅನುಮಾನದ ನೋಟ, ಎಲ್ಲವೂ ಟಿವಿಯಿಂದ ಎದ್ದು ಬಂದ ಹಾಗಿದೆ. ಹೆಸರು ಮುಚ್ಚಿ ಓದಿದರೂ ಯಾರ ಮಾತು ಅಂತ ಗೊತ್ತಾಗುತ್ತದೆ. ಇದು ಸುಲಭದ ಕೆಲಸ ಅಲ್ಲ.

ಆದರೆ ಚೀಟಿ ತೆಗೆದಾಗ ಒಬ್ಬರ ಊಹೆಯೂ ಸರಿ ಇರಲಿಲ್ಲ. ಸರಿ ಆಗುವ ದಾರಿಯೇ ಇರಲಿಲ್ಲ. ಕೊಲೆಗಾರ ಗೋದಾಮಿನ ಹಳೇ ಪಾಲುದಾರ, ಅವನ ಹೆಸರು ಬರುವುದೇ ಕೊನೆಯಿಂದ ಮೂರನೇ ಪುಟದಲ್ಲಿ! ಅಷ್ಟೊತ್ತು ಹಮಾಲರನ್ನು, ಗುಮಾಸ್ತನನ್ನು ಅನುಮಾನಿಸುತ್ತಾ ಕೂತಿದ್ದ ನಮಗೆ ನಿಜವಾಗಿ ಬೇಜಾರಾಯಿತು. ನೋಡುವವರಿಗೂ ಪತ್ತೆ ಹಚ್ಚುವ ಒಂದು ಅವಕಾಶ ಬೇಕು, ಅಲ್ವಾ?

ಇನ್ನೊಂದು ತಪ್ಪು ನಮ್ಮೂರಿನ ಬಿಸಿಲಿಗೆ ಸಂಬಂಧಿಸಿದ್ದು. ಕಥೆ ನಡೆಯುವುದು ಮೇ ತಿಂಗಳಲ್ಲಿ. ಸತ್ತು ಎರಡು ದಿನ ಆದ ಹೆಣ 'ಕಟ್ಟಿಗೆಯಂತೆ ಸೆಟೆದಿತ್ತು' ಅಂತ ತಮ್ಮ ಬರೆದಿದ್ದಾನೆ. ಸೆಕೆಯಲ್ಲಿ ಹೆಣ ಬೇಗ ಸೆಟೆಯುತ್ತದೆ, ಬೇಗ ಸಡಿಲವೂ ಆಗುತ್ತದೆ. 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ತಗಡಿನ ಗೋದಾಮಿನೊಳಗೆ, ಎರಡು ದಿನಕ್ಕೆ ಊದಿಕೊಂಡು ವಾಸನೆ ಬಂದಿರಬೇಕು. ಸಾಳುಂಖೆಯವರಂಥ ಡಾಕ್ಟರ್ ಇದನ್ನು ನೋಡದೆ ಬಿಡ್ತಾರಾ? ಆಮೇಲೆ ತಂಡದ ಇನ್ನೊಬ್ಬ ಇನ್‌ಸ್ಪೆಕ್ಟರ್ ದಯಾ ಒಂದು ಏಟು ಕೊಟ್ಟ ಕೂಡಲೇ ಕೊಲೆಗಾರ ಒಪ್ಪಿಕೊಳ್ಳುತ್ತಾನೆ, ಕೇಸು ಮುಗಿಯುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದ ಮೇಲೂ ಈ ನಿಯಮ ಹಾಗೇ ಇದೆ. ಅವನು ತೋರಿಸಿದ ಜಾಗದಲ್ಲಿ ಆಯುಧ ಸಿಕ್ಕಿದ್ದರೆ ಮಾತು ಬೇರೆ. ಅಷ್ಟು ಸೇರಿಸಲು ಅರ್ಧ ಪುಟ ಸಾಕಿತ್ತು.

ಮುಂಬೈ ತಂಡ ಸಿರುಗುಪ್ಪಕ್ಕೆ ಯಾಕೆ ಬಂತು ಅನ್ನುವುದನ್ನೂ ಅವನು ಹೇಳುವುದಿಲ್ಲ. ಗೆಳತಿ ಇಲ್ಲೇ ಗೆದ್ದಳು. ಅವಳ ಕಂತಿನಲ್ಲಿ ಸತ್ತವನು ಬಳ್ಳಾರಿಗೆ ಜೀನ್ಸ್ ಕೊಳ್ಳಲು ಬಂದ ಮುಂಬೈ ವ್ಯಾಪಾರಿ. ಕೇಸು ಮುಂಬೈನಲ್ಲೇ ಶುರುವಾಗಿ, ಬಿಲ್ಲಿನ ಜಾಡು ಹಿಡಿದು ಇಲ್ಲಿನ ಜೀನ್ಸ್ ವಾಷಿಂಗ್ ಯೂನಿಟ್‌ಗೆ ಬರುತ್ತದೆ.

ಆರನೇ ಪುಟದಲ್ಲಿ ಯೂನಿಟ್‌ನ ಲೆಕ್ಕದವನು ತಂಡಕ್ಕೆ ಚಹಾ ಕೊಡುತ್ತಾನೆ. 'ಉಗುರಿನ ಸಂದಿಯಲ್ಲಿ ನೀಲಿ' ಅಂತ ಒಂದೇ ಸಾಲು. ನಾನು ಓದಿ ಮುಂದೆ ಹೋದೆ. ಹತ್ತು ಪುಟ ಆದ ಮೇಲೆ ಅವನು, 'ನಾನು ಬರೀ ಆಫೀಸಿನವನು ಸಾರ್, ವಾಷಿಂಗ್ ಕಡೆ ಕಾಲೇ ಇಟ್ಟಿಲ್ಲ' ಅನ್ನುತ್ತಾನೆ. ಜೀನ್ಸಿನ ನೀಲಿ ಬಣ್ಣ ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ, ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಐದು ಚೀಟಿಯಲ್ಲಿ ಎರಡು ಅವನ ಹೆಸರೇ ಹೇಳಿದವು. ಉಳಿದ ಮೂವರು ಹಿಂದಿನ ಪುಟ ತಿರುಗಿಸಿ, 'ಅಯ್ಯೋ, ಇಲ್ಲೇ ಇತ್ತಲ್ಲ!' ಅಂದೆವು. ಆ ಕ್ಷಣಕ್ಕಾಗಿಯೇ ನಾನು ಇಂಥ ಕಥೆ ನೋಡುವುದು.

ಅವಳ ಕಂತಿನಲ್ಲಿ ಕೊರತೆ ಇಲ್ಲ ಅಂತಲ್ಲ. ಎಲ್ಲರೂ ಒಂದೇ ಥರ ಮಾತಾಡುತ್ತಾರೆ. ದಯಾ ಉದ್ದುದ್ದ ಮಾತಾಡುತ್ತಾನೆ, ಅದು ಅವನ ಸ್ವಭಾವವೇ ಅಲ್ಲ. ಸಾಳುಂಖೆ ಬಣ್ಣದ ಬಗ್ಗೆ ಎರಡು ಪುಟ ಪಾಠ ಮಾಡುತ್ತಾರೆ, ಆಗ ಒಬ್ಬರಿಗೆ ಆಕಳಿಕೆ ಬಂತು. ಧಾರಾವಾಹಿಯಲ್ಲಿ ದಯಾ ಮಾಡುವ ಹಾಗೆ ಬಾಗಿಲು ಒದೆಯುವ ದೃಶ್ಯ ಇದೆ, ಆದರೆ ಒಳಗೆ ಯಾರೂ ಇಲ್ಲ, ಏನೂ ಸಿಗುವುದಿಲ್ಲ. ಸುಮ್ನೆ ಒದ್ದ ಹಾಗಾಯಿತು.

ಆದರೂ ನನ್ನ ಮತ ಗೆಳತಿಯ ಕಂತಿಗೇ. ಮಾತು ತಿದ್ದುವುದು ಒಂದು ವಾರದ ಕೆಲಸ. ಸುಳಿವೇ ಇಲ್ಲದ ಕಥೆಗೆ ಸುಳಿವು ತರಬೇಕೆಂದರೆ ಮೊದಲ ಪುಟದಿಂದ ಬಿಚ್ಚಿ ಕಟ್ಟಬೇಕು. ತಮ್ಮನಿಗೆ ಇದನ್ನೇ ಹೇಳಿದೆ. ಮುಖ ಸ್ವಲ್ಪ ಸಣ್ಣದಾಯಿತು. ಮಾರನೇ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿ, 'ಅಕ್ಕಾ, ಆ ಪಾಲುದಾರನನ್ನು ಎರಡನೇ ಪುಟದಲ್ಲೇ ತೂಕದ ಕಾಟಾ ಹತ್ತಿರ ನಿಲ್ಲಿಸಿದರೆ ಹೇಗೆ?' ಅಂತ ಕೇಳಿದ. ನಿಲ್ಲಿಸು, ಆದರೆ ಮೂಟೆ ಲೆಕ್ಕದಲ್ಲಿ ಅವನಿಂದ ಒಂದು ಸಣ್ಣ ಸುಳ್ಳು ಹೇಳಿಸು ಅಂದೆ. ಅವನ ದಯಾ, ಅಭಿಜೀತ್ ಮಾತುಗಳನ್ನು ಗೆಳತಿ ಈಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ.