ಗೆಣಸಿಗೆ ಕೋಳಿ ಗೊಬ್ಬರವೋ, ಕೊಟ್ಟಿಗೆ ಗೊಬ್ಬರವೋ?

ಕೋಳಿ ಗೊಬ್ಬರ ಹಾಕಿದರೆ ಗೆಣಸು ದಪ್ಪ ಬರುತ್ತದೆ, ರುಚಿ ಮಾತ್ರ ಸಪ್ಪೆ. ನಮ್ಮ ತುಮಕೂರು ಕಡೆ ಗೆಣಸು ಬೆಳೆಯುವ ಯಾರನ್ನೇ ಕೇಳಿ, ಈ ಮಾತು ಬಂದೇ ಬರುತ್ತದೆ. ನನ್ನ ಲೆಕ್ಕದಲ್ಲಿ ಇದು ಅರ್ಧ ನಿಜ. ಯಾವ ಕೋಳಿ ಗೊಬ್ಬರ, ಎಷ್ಟು ಕಳಿತದ್ದು, ಗುಂಟೆಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಹಾಗಾಗಿ ನಾನೇ ಪಟ್ಟಿ ಮಾಡಿ ಹಾಕಿ ನೋಡಿದೆ. ಒಂದೇ ಹೊಲ, ಮರಳು ಮಿಶ್ರಿತ ಕೆಂಪು ಮಣ್ಣು. ಕೆಂಪು ಸಿಪ್ಪೆ, ಬಿಳಿ ತಿರುಳಿನ ನಾಟಿ ಬಳ್ಳಿ. ಸಂಕ್ರಾಂತಿ ಸಂತೆಗೆ ಸಿಗಲಿ ಅಂತ ಸೆಪ್ಟೆಂಬರ್‌ನಲ್ಲಿ ನೆಟ್ಟಿದ್ದು. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಮೊಟ್ಟೆ ಕೋಳಿ ಫಾರಂನ ಹಸಿ ಗೊಬ್ಬರ, ಇನ್ನೊಂದಕ್ಕೆ ಭತ್ತದ ಹೊಟ್ಟು ಬೆರೆತ ಬ್ರಾಯ್ಲರ್ ಗೊಬ್ಬರವನ್ನು ಚೆನ್ನಾಗಿ ಕಳಿಸಿ ಹಾಕಿದೆ. ನಾಲ್ಕನೆಯದಕ್ಕೆ ಎರೆಗೊಬ್ಬರ. ಅದರ ಗೆಣಸು ನುಣುಪಾಗಿ, ಚಂದವಾಗಿ ಬಂತು. ಆದರೆ ಆ ರೇಟಿಗೆ ಕೊಂಡು ಗೆಣಸಿಗೆ ಹಾಕಿದರೆ ಏನೂ ಉಳಿಯುವುದಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಹಸಿ ಗೊಬ್ಬರದ ಪಟ್ಟಿ ನೋಡಿದವರೆಲ್ಲ ಹೊಗಳಿದರು. ಎಲೆ ಕಡು ಹಸಿರು, ಬಳ್ಳಿ ಬೋದು (ಏರಿಸಿ ಕಟ್ಟಿದ ಮಣ್ಣಿನ ದಿಂಡು) ದಾಟಿ ಪಕ್ಕದ ಸಾಲಿಗೆ ನುಗ್ಗಿತ್ತು. ಸಾರಜನಕ ಜಾಸ್ತಿಯಾದರೆ ಗೆಣಸಿನ ಬಳ್ಳಿ ಮೇಲೆ ಬೆಳೆಯುತ್ತಾ ಹೋಗುತ್ತದೆ, ಕೆಳಗೆ ಗೆಡ್ಡೆ ಕೂರುವುದು ತಡವಾಗುತ್ತದೆ. ಅಗೆದಾಗ ಗೊತ್ತಾಯಿತು. ಕೆಲವು ಬೆರಳಿನಂತೆ ಉದ್ದ, ಕೆಲವು ದಪ್ಪಗಿದ್ದರೂ ಮೈ ಸೀಳಿದ್ದವು. ಗೆಡ್ಡೆ ಕತ್ತರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಲಿತಿದ್ದರೆ ಕತ್ತರಿಸಿದ ಜಾಗ ಬೆಳ್ಳಗೇ ಒಣಗುತ್ತದೆ. ಎಳೆಯದಾದರೆ ಹಸಿರುಗಪ್ಪು ಬಣ್ಣಕ್ಕೆ ತಿರುಗುತ್ತದೆ. ಕೊಟ್ಟಿಗೆ ಗೊಬ್ಬರದ ಗೆಣಸು ಬೆಳ್ಳಗಿತ್ತು. ಅದೇ ದಿನ ಅಗೆದ ಹಸಿ ಗೊಬ್ಬರದ್ದು ಕಪ್ಪಾಯಿತು. ಬೇಯಿಸಿದರೆ ನೀರು ನೀರು. ಊರಿನವರು ಸಪ್ಪೆ ಅನ್ನುವುದು ಇದನ್ನೇ.

ಸಾವಯವ ಅಂತ ಮಾರುವವರಿಗೆ ಇನ್ನೊಂದು ತೊಡಕಿದೆ. ಹಸಿ ಕೋಳಿ ಗೊಬ್ಬರದಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿ 120 ದಿನ ಆಗುವವರೆಗೆ ಕೊಯ್ಲು ಮಾಡಬಾರದು ಅಂತ ಅಮೆರಿಕದ ಸಾವಯವ ನಿಯಮ ಹೇಳುತ್ತದೆ. ನಮ್ಮ ಗೆಣಸಿನ ಆಯಸ್ಸೇ 90ರಿಂದ 120 ದಿನ. ನೆಡುವಾಗ ಹಾಕಿದರೆ ಲೆಕ್ಕ ಕೂಡುವುದೇ ಇಲ್ಲ, ಅಲ್ವಾ?

ನಿಜವಾದ ಪೈಪೋಟಿ ಕಳಿತ ಕೋಳಿ ಗೊಬ್ಬರಕ್ಕೂ ಕೊಟ್ಟಿಗೆ ಗೊಬ್ಬರಕ್ಕೂ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5, ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಅಷ್ಟೇ. ಕೋಳಿ ಗೊಬ್ಬರದಲ್ಲಿ ಸಾರಜನಕ ಶೇ 2ರಿಂದ 3, ಪೊಟ್ಯಾಷ್ ಶೇ 1.5ರ ಆಸುಪಾಸು. ಹಾಗಾಗಿ ಗುಂಟೆಗೆ 100 ಕೆಜಿ ಕೊಟ್ಟಿಗೆ ಗೊಬ್ಬರ ಹಾಕುವ ಕಡೆ ಕೋಳಿ ಗೊಬ್ಬರ 25 ಕೆಜಿ ಸಾಕು. ಅಷ್ಟಕ್ಕೇ ನಿಲ್ಲಿಸಿದರೆ ಪೊಟ್ಯಾಷ್ ಕಡಿಮೆ ಬೀಳುತ್ತದೆ. ಗೆಡ್ಡೆ ತುಂಬಿಕೊಳ್ಳಲು ಬೇಕಾದದ್ದೇ ಪೊಟ್ಯಾಷ್. ಒಲೆಯ ಬೂದಿ ಗುಂಟೆಗೆ ಮೂರ್ನಾಲ್ಕು ಕೆಜಿ ಎರಚಿದರೆ ಆ ಕೊರತೆ ತುಂಬುತ್ತದೆ. ಬೂದಿಯನ್ನು ಗೊಬ್ಬರದ ರಾಶಿಗೇ ಬೆರೆಸಬೇಡಿ. ಸಾರಜನಕವೆಲ್ಲ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗು ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಬೋದು ಕಟ್ಟುವಾಗ ಬೇರೆಯಾಗಿ ಹಾಕಿ.

ತೂಕದಲ್ಲಿ ಕಳಿತ ಕೋಳಿ ಗೊಬ್ಬರ ಸಲೀಸಾಗಿ ಗೆದ್ದಿತು. ಗೆಡ್ಡೆಗಳು ಹೆಚ್ಚು ಕಡಿಮೆ ಒಂದೇ ಗಾತ್ರ. ವ್ಯಾಪಾರಿಗೆ ಬೇಕಾದದ್ದು ಅದೇ. ಆದರೆ ದಪ್ಪ ಗೆಡ್ಡೆ ಬೋದನ್ನು ಬಿರಿಸುತ್ತದೆ, ಆ ಬಿರುಕಿನಲ್ಲೇ ಗೆಡ್ಡೆ ಕೊರೆಯುವ ಮೂತಿ ಹುಳು ಇಳಿಯುತ್ತದೆ. ಈ ಪಟ್ಟಿಗೆ ಮಣ್ಣು ಏರಿಸುವ ಕೆಲಸ ಒಂದು ಸಲ ಜಾಸ್ತಿಯೇ ಬಿತ್ತು.

ರುಚಿ? ಕಿತ್ತ ದಿನವೇ ಬೇಯಿಸಿ ತೀರ್ಪು ಕೊಡಬೇಡಿ. ನೆರಳಿನಲ್ಲಿ ಒಂದು ವಾರ ಇಟ್ಟರೆ ಯಾವ ಗೆಣಸಾದರೂ ಸಿಹಿಯಾಗುತ್ತದೆ. ಕೆಂಡದಲ್ಲಿ ನಿಧಾನ ಸುಟ್ಟರೆ ಪಿಷ್ಟ ಸಕ್ಕರೆಯಾಗಲು ಸಮಯ ಸಿಗುತ್ತದೆ, ಹಾಗಾಗಿ ಸುಟ್ಟ ಗೆಣಸಿನಲ್ಲಿ ಈ ಎರಡಕ್ಕೂ ವ್ಯತ್ಯಾಸ ಹುಡುಕಲು ನನಗಂತೂ ಆಗಲಿಲ್ಲ. ಹಬೆಯಲ್ಲಿ ಬೇಯಿಸಿದಾಗ ಗೊತ್ತಾಗುತ್ತದೆ. ಕೊಟ್ಟಿಗೆ ಗೊಬ್ಬರದ್ದು ಮುರಿದರೆ ಹುಡಿ ಹುಡಿ. ಹೋಳಿಗೆ ಹೂರಣಕ್ಕೆ ಹೇಳಿ ಮಾಡಿಸಿದ ಹಾಗೆ. ಕೋಳಿ ಗೊಬ್ಬರದ್ದು ತುಸು ಮೆತ್ತಗೆ, ಹೂರಣ ಒಲೆ ಮೇಲೆ ಜಾಸ್ತಿ ಹೊತ್ತು ಬೇಡುತ್ತದೆ.

ಮನೆಗೆ ನಾನು ಕೊಟ್ಟಿಗೆ ಗೊಬ್ಬರದ್ದನ್ನೇ ಬೆಳೆಯುತ್ತೇನೆ. ಸಂತೆಗೆ ಕಳಿತ ಕೋಳಿ ಗೊಬ್ಬರ, ಜೊತೆಗೆ ಬೂದಿ. ಮನೆ ಮನೆಯಲ್ಲಿ ದನ ಇಲ್ಲದ ಈ ಕಾಲದಲ್ಲಿ ಒಂದು ಲೋಡು ಕೊಟ್ಟಿಗೆ ಗೊಬ್ಬರ ಹೊಂದಿಸುವುದು ಸುಲಭವಲ್ಲ. ಸಾವಯವ ಪ್ರಮಾಣಪತ್ರ ಇರುವವರು ಮಾತ್ರ ಲೋಡು ಇಳಿಸುವ ಮೊದಲೇ ಪ್ರಮಾಣಪತ್ರ ಕೊಡುವವರನ್ನು ಕೇಳಿಕೊಳ್ಳಿ. ಪಂಜರದ ದೊಡ್ಡ ಫಾರಂಗಳ ಗೊಬ್ಬರಕ್ಕೆ ಅವರು ತಕರಾರು ತೆಗೆಯುತ್ತಾರೆ.