ಡಿಡಿ ಫ್ರೀ ಡಿಶ್: ಮೈಸೂರಿನ ತಾರಸಿಯಲ್ಲಿ ಹಲವು ಮಳೆಗಾಲ ಕಂಡ ಮೇಲೆ

ತಿಂಗಳ ರೀಚಾರ್ಜ್ ಇಲ್ಲದ ಟಿವಿ ಬೇಕು ಅನ್ನುವವರಿಗೆ ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮೈಸೂರಿನ ವಿಜಯನಗರದ ನಮ್ಮ ಮನೆಯಲ್ಲಿ ಇದು ಹಲವು ಮಳೆಗಾಲ ಕಂಡಿದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ ಶುರುವಾದ ಸೇವೆ ಇದೇ. ಡಿಶ್, ಬಾಕ್ಸ್, ಕೇಬಲ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಹಿಂದಿ ಚಾನೆಲ್‌ಗಳೇ ಜಾಸ್ತಿ ಅನ್ನುವುದು ನಿಜ. ಕನ್ನಡ ಧಾರಾವಾಹಿಗೆ ಅಂತಲೇ ಟಿವಿ ಹಾಕುವ ಮನೆಗೆ ಇದು ಸಾಲದು. ನಮ್ಮಮ್ಮನಿಗೆ ಚಂದನದ ವಾರ್ತೆ ಬೇಕು, ದಸರೆಯಲ್ಲಿ ಜಂಬೂಸವಾರಿ ನೇರಪ್ರಸಾರ ಬೇಕು. ಎರಡೂ ಬರುತ್ತವೆ.

ಆದರೆ ಕಂಪನಿಯ ಕನೆಕ್ಷನ್ ಆಗಿದ್ದರೆ ಫೋನ್ ಮಾಡಿದಾಗ ಯಾರಾದರೂ ಬರುತ್ತಾರೆ. ಇಲ್ಲಿ ಅಂಗಡಿಯಿಂದ ತಂದು ಹಾಕಿಸಿದ ಮೇಲೆ ಡಿಶ್ ನಮ್ಮದು, ಅದರ ಕಾಯಿಲೆಯೂ ನಮ್ಮದು. ಸಿಗ್ನಲ್ ವೀಕ್ ಆಯಿತು ಅಂತ ಮೆಕ್ಯಾನಿಕ್ ಕರೆಸಿದರೆ ಮೊದಲು ಕೇಳುವ ಮಾತು ಒಂದೇ: "ಎಲ್‌ಎನ್‌ಬಿ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ." ಎಲ್‌ಎನ್‌ಬಿ ಅಂದರೆ ಡಿಶ್‌ನ ಮುಂದೆ ಚಾಚಿದ ಕಂಬಿಯ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ. ಎಷ್ಟೋ ಸಲ ಅದು ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಈ ವಿಮರ್ಶೆಯ ಬಹುಪಾಲು ಸಿಗ್ನಲ್ ಬಗ್ಗೆಯೇ ಬರೆಯುತ್ತಿದ್ದೇನೆ.

ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಎಲ್ಲರೂ ನೋಡುವುದು ಸ್ಟ್ರೆಂತ್. ನೋಡಬೇಕಾದದ್ದು ಕ್ವಾಲಿಟಿ. ಡಿಶ್ ಅನ್ನು ಖಾಲಿ ಆಕಾಶದ ಕಡೆ ತಿರುಗಿಸಿದರೂ ಸ್ಟ್ರೆಂತ್ ಸಾಕಷ್ಟು ತೋರಿಸಬಹುದು, ಯಾಕೆಂದರೆ ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರಲ್ಲಿ ಸೇರಿರುತ್ತದೆ. ಉಪಗ್ರಹದ ಮಾತು ಬಾಕ್ಸ್‌ಗೆ ಅರ್ಥವಾಗುತ್ತಿದೆಯಾ ಅಂತ ಹೇಳುವುದು ಕ್ವಾಲಿಟಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಇದ್ದರೆ ಡಿಶ್ ಬೇರೆ ಕಡೆ ನೋಡುತ್ತಿರಬಹುದು, ಇಲ್ಲಾ ಏನಾದರೂ ಅಡ್ಡ ಬಂದಿರಬಹುದು. ಎರಡೂ ಸೊನ್ನೆ ಆದರೆ ಕೇಬಲ್ ಮೇಲೆ ಅನುಮಾನ ಪಡಿ.

ಹೌದು, ಕೇಬಲ್. ನಮ್ಮ ಮನೆಯಲ್ಲಿ ತೊಂದರೆ ಕೊಟ್ಟದ್ದರಲ್ಲಿ ಮೊದಲ ಸ್ಥಾನ ಇದಕ್ಕೇ. ಬಾಕ್ಸ್‌ನಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕರೆಂಟ್ ಹೋಗುವುದು ಇದೇ ಕೇಬಲ್‌ನಲ್ಲಿ, ಸಿಗ್ನಲ್ ಇಳಿದು ಬರುವುದೂ ಇದರಲ್ಲೇ. ಒಂದು ಜಾಯಿಂಟ್ ಕೆಟ್ಟರೆ ಎರಡಕ್ಕೂ ಪೆಟ್ಟು. ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿದಾಗ ನಡುವಿನ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ಹಾಕಿದವರು ಸುತ್ತಿದ್ದು ಸಾದಾ ಇನ್ಸುಲೇಶನ್ ಟೇಪ್. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ, ಮೇ ಮಳೆಗೆ ನೀರು ಒಳಗಿಳಿದಿತ್ತು. ಕೆಟ್ಟ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ದೇ ತಡ, ಕ್ವಾಲಿಟಿ ಮೇಲಕ್ಕೆ ಬಂತು. ಹೊಸ ಎಲ್‌ಎನ್‌ಬಿಯ ಖರ್ಚು ಉಳಿಯಿತು.

ಈ ಕೆಲಸ ಮಾಡುವಾಗ ಮೂರು ವಿಷಯ ಮರೆಯಬೇಡಿ. ಬಾಕ್ಸ್‌ನ ಪ್ಲಗ್ ಮೊದಲು ತೆಗೆಯಿರಿ. ಕೇಬಲ್‌ನ ಹೊರ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಗುಲಿದರೂ ಶಾರ್ಟ್ ಆಗುತ್ತದೆ. ಸುತ್ತಲು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಕೇಳಿ ತನ್ನಿ. ಮತ್ತೆ, ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಜೋತುಬೀಳುವಂತೆ ಬಿಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಹರಿಯುವುದಿಲ್ಲ. ಕೇಬಲ್ ಆರ್‌ಜಿ 6 ಅನ್ನುವ ಬಗೆಯದೇ ಇರಲಿ. ಮಧ್ಯದಲ್ಲಿ ಜಾಯಿಂಟ್ ಇಲ್ಲದ ಒಂದೇ ತುಂಡು ಆದರೆ ಇನ್ನೂ ಒಳ್ಳೆಯದು.

ಎಲ್‌ಎನ್‌ಬಿ ಮುಖವನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸ ಎಲ್‌ಎನ್‌ಬಿ ಬಗ್ಗೆ ಯೋಚಿಸಿ.

ಇನ್ನು ದಿಕ್ಕು. ಫ್ರೀ ಡಿಶ್ ಬರುವುದು ಜಿಸ್ಯಾಟ್ 15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿದ್ದು, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ಮೈಸೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 125 ಡಿಗ್ರಿ ತಿರುಗಿದ ಕಡೆ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ ಸಿಗುತ್ತದೆ. ಮಂಡ್ಯದವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ದೆಹಲಿಯಲ್ಲಿ ಇದೇ ಉಪಗ್ರಹ ಸುಮಾರು 52 ಡಿಗ್ರಿ ಎತ್ತರದಲ್ಲಿದೆ. ಹಾಗಾಗಿ ಉತ್ತರದ ಕಡೆಯ ಹಿಂದಿ ವಿಡಿಯೋ ನೋಡಿ ಡಿಶ್ ಬಗ್ಗಿಸಿದರೆ ನಮಗೆ ಸಿಗ್ನಲ್ ಸಿಗುವುದಿಲ್ಲ. ನಮ್ಮ ಡಿಶ್ ಅದಕ್ಕಿಂತ ಜಾಸ್ತಿ ಮೇಲಕ್ಕೆ ಮುಖ ಮಾಡಬೇಕು. ಮೊಬೈಲ್ ಕಂಪಾಸ್ ನೋಡುವುದಾದರೆ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಹತ್ತಿರ ಹೋದರೆ ಅದು ತಪ್ಪು ತೋರಿಸುತ್ತದೆ.

ಡಿಶ್ ಎಷ್ಟು ಸೂಕ್ಷ್ಮ ಅಂದರೆ, 60 ಸೆಂಟಿಮೀಟರ್ ಡಿಶ್ ಒಂದೂವರೆ ಡಿಗ್ರಿ ತಿರುಗಿದರೆ ಸಿಗ್ನಲ್ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಅಂಚಿನಲ್ಲಿ ಅಳೆದರೆ ಅದು ಒಂದು ಸೆಂಟಿಮೀಟರ್ ಕೂಡ ಇಲ್ಲ. ನಮ್ಮ ಬೀದಿಯಲ್ಲೇ ಡಿಶ್ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದವರಿದ್ದಾರೆ. ಒದ್ದೆ ಬೆಡ್‌ಶೀಟ್ ಹಾಕಿದ ದಿನ ಕಂಬ ಬಾಗುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ದಯವಿಟ್ಟು ಹಗ್ಗಕ್ಕೆ ಬೇರೆ ಮೊಳೆ ಹೊಡೆಯಿರಿ.

"ನಿಮ್ಮ ಡಿಶ್ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿದೆ ಕಣ್ರೀ, ಬೆಟ್ಟ ಅಡ್ಡ ಬರಲ್ವಾ?" ಅಂತ ಪಕ್ಕದ ಮನೆಯವರು ಕೇಳಿದ್ದರು. ಬರುವುದಿಲ್ಲ. ಬೆಟ್ಟ ಊರಿನ ನೆಲದಿಂದ ಎದ್ದಿರುವುದು ಸುಮಾರು 300 ಮೀಟರ್. ವಿಜಯನಗರದಷ್ಟು ದೂರದಿಂದ ಅದು ಮೂರ್ನಾಲ್ಕು ಡಿಗ್ರಿಯೂ ಎತ್ತರ ಕಾಣುವುದಿಲ್ಲ, ನಮ್ಮ ಉಪಗ್ರಹ ಇರುವುದು 66ರಲ್ಲಿ. ಮರದ ಲೆಕ್ಕವೂ ಹೀಗೇ. ಡಿಶ್‌ಗಿಂತ 20 ಅಡಿ ಎತ್ತರದ ತೆಂಗಿನಮರ ಹತ್ತು ಅಡಿ ಆಚೆ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಗರಿ ಈ ಕಡೆ ಚಾಚಿರಬಾರದು ಅಷ್ಟೇ. ಮರ ಕಡಿಸುವ ಮುಂಚೆ ಈ ಲೆಕ್ಕ ಹಾಕಿ.

ಅಡ್ಡ ಇದೆಯಾ ಇಲ್ವಾ ಅಂತ ತಿಳಿಯಲು ಸೂರ್ಯನೇ ನೆರವಾಗುತ್ತಾನೆ, ಇದು ನನಗೆ ತುಂಬ ಇಷ್ಟವಾದ ಉಪಾಯ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ ಸೂರ್ಯ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಹೋಗಿ ತಾನೇ ವಾಪಸ್ ಬರಬಹುದು. ಅದು ಕೆಟ್ಟದ್ದಲ್ಲ, ಏನೂ ಮುಟ್ಟಬೇಡಿ. ಸುಮ್ನೆ ತಾರಸಿಗೆ ಹೋಗಿ ಡಿಶ್ ನೋಡಿ, ಸೂರ್ಯನನ್ನು ಮಾತ್ರ ನೋಡಬೇಡಿ. ಡಿಶ್ ಮೇಲೆ ಎಲೆಯ ನೆರಳು ಬಿದ್ದಿದ್ದರೆ ಆ ಕೊಂಬೆಯೇ ಸಿಗ್ನಲ್‌ಗೂ ಅಡ್ಡ. ಅಷ್ಟು ಕತ್ತರಿಸಿದರೆ ಸಾಕು.

ಮಳೆಗೆ ಮದ್ದಿಲ್ಲ. ಈ ಸಿಗ್ನಲ್ 11 ಗಿಗಾಹರ್ಟ್ಸ್ ಸುತ್ತಮುತ್ತ ಇರುವುದರಿಂದ ದಪ್ಪ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನ ಗುಡುಗುಮಳೆಯಲ್ಲಿ ಚಿತ್ರ ಹೋಗುವುದು ಸಹಜ. ಗಮನಿಸಬೇಕಾದದ್ದು ಮಳೆ ನಿಂತ ಮೇಲೆ. ಮೋಡ ಕರಗಿದ ಹತ್ತಿಪ್ಪತ್ತು ನಿಮಿಷದಲ್ಲಿ ಚಿತ್ರ ಬಂದರೆ ಅದು ಮಳೆಯದೇ ಕೆಲಸ. ರಾತ್ರಿ ಕಳೆದರೂ ಬರದೆ, ಮಾರನೇ ದಿನ ಬಿಸಿಲು ಕಾಯ್ದ ಮೇಲೆ ಬಂದರೆ ಜಾಯಿಂಟ್‌ನಲ್ಲಿ ನೀರಿದೆ. ಇದೊಂದು ಗೊತ್ತಿದ್ದರೆ ಮೆಕ್ಯಾನಿಕ್‌ಗೆ ಎಲ್ಲಿ ನೋಡಿ ಅಂತ ನೀವೇ ಹೇಳಬಹುದು.

ಒಂದೇ ಚಾನೆಲ್ ಕಾಣೆಯಾಗಿ ಉಳಿದದ್ದೆಲ್ಲ ಸರಿ ಇದ್ದರೆ ಡಿಶ್ ಮುಟ್ಟುವ ಮೊದಲು ಬಾಕ್ಸ್‌ನಲ್ಲಿ ಆಟೋ ಸ್ಕ್ಯಾನ್ ಮಾಡಿ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆಯುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ.

ಹೊಸದಾಗಿ ತೆಗೆದುಕೊಳ್ಳುವವರು ಅಂಗಡಿಯಲ್ಲಿ ಎಂಪೆಗ್ 4 ಬಾಕ್ಸ್ ಕೇಳಿ. ಹಳೆಯ ಎಂಪೆಗ್ 2 ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ತೆರೆಯುವುದಿಲ್ಲ. ತಾರಸಿಯಲ್ಲಿ ಜಾಗ ಇದ್ದರೆ 90 ಸೆಂಟಿಮೀಟರ್ ಡಿಶ್ ಹಾಕಿಸಿ. 60ರ ಡಿಶ್‌ಗಿಂತ ಅದರ ಮೈ ಎರಡೂಕಾಲು ಪಟ್ಟು ದೊಡ್ಡದು, ಸಾಧಾರಣ ಮಳೆಯಲ್ಲಿ ಚಿತ್ರ ನಿಲ್ಲುತ್ತದೆ. ಗಾಳಿಗೆ ಅಲುಗದ ಹಾಗೆ ಕಂಬವನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಲು ಹೇಳಿ. ಕೆಲಸ ಮುಗಿದ ಮೇಲೆ ಕ್ವಾಲಿಟಿ ಎಷ್ಟಿದೆ ಅಂತ ಟಿವಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಸಿಗ್ನಲ್ ಕಡಿಮೆಯಾದಾಗ ಎಷ್ಟು ಇಳಿದಿದೆ ಅಂತ ಹೋಲಿಸಲು ಅದು ಬೇಕಾಗುತ್ತದೆ.